ಕಬ್ಬಿಣದ ಜಾತಕ

ನನ್ನ ಅಕ್ಕ ಶಾಲಾ ಸಮವಸ್ತ್ರದ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು. ಒಂದರ ಮೇಲೊಂದು ಪೇರಿಸಿದ ಬಟ್ಟೆಗೆ ಸೀಮೆಸುಣ್ಣದ ಗೆರೆ ಎಳೆದು ಅವಳು ದೊಡ್ಡ ಕತ್ತರಿ ಆಡಿಸಿದರೆ ತೋಳು, ಕಾಲರು, ಜೇಬು ಎಲ್ಲ ತಂತಮ್ಮ ರಾಶಿಗೆ ಹೋಗಿ ಬೀಳುತ್ತವೆ. ಬಟ್ಟೆಯ ವಿಷಯದಲ್ಲಿ ಅವಳದು ಒಂದೇ ನಿಯಮ. ಕಲೆ ಕಂಡರೆ ಪಕ್ಕಕ್ಕೆ ಎಸೆ, ಶುಭ್ರವಾಗಿದ್ದರೆ ಮೇಜಿಗೆ ಹಾಕು. ಕಬ್ಬಿಣಕ್ಕೂ ಇದೇ ನಿಯಮ ಹಚ್ಚಿದಳು ನೋಡಿ, ಅಲ್ಲಿ ಎಡವಿದಳು.

ಅವಳ ಹಳೇ ಕತ್ತರಿ ಒಂದು ದಿನ ತಿರುಗಣಿಯ ಹತ್ತಿರ ಬಿರುಕು ಬಿಟ್ಟಿತು. ಹೊಸದು ಯಾವುದೂ ಕೈಗೆ ಒಗ್ಗಲಿಲ್ಲ. ಕತ್ತರಿ ಹೇಗೆ ಮಾಡುತ್ತಾರೆ ಎಂದು ಫೋನಿನಲ್ಲಿ ವಿಡಿಯೊ ನೋಡಲು ಕೂತವಳು ಮೂರು ವಾರ ಏಳಲಿಲ್ಲ. ಆಮೇಲೆ ಮನೆಯ ಹಿಂದಿನ ಶೆಡ್ಡಿನಿಂದ ಹಳೇ ಸೈಕಲ್ಲು, ಮುರಿದ ಮಂಚ ಎಲ್ಲ ಹೊರಗೆ ಬಂದವು. ಲಾರಿಯ ಹಳೇ ಬ್ರೇಕ್ ಡ್ರಮ್ಮೊಂದು ಕುಲುಮೆಯಾಯಿತು, ರೈಲು ಹಳಿಯ ತುಂಡು ಕಾದ ಕಬ್ಬಿಣ ಬಡಿಯುವ ಅಡಿಗಲ್ಲಾಯಿತು. ಐವತ್ತು ದಾಟಿದ ಹೆಂಗಸು ಭಾನುವಾರ ಬಂತೆಂದರೆ ಅಲ್ಲಿ ಸುತ್ತಿಗೆ ಹಿಡಿದು ನಿಲ್ಲುವಳು. ನಾನು ಸಾಕಷ್ಟು ಆಡಿಕೊಂಡೆ. "ಕತ್ತರಿ ಬೇಕಾದ್ರೆ ಅಂಗಡೀಲಿ ಸಿಗುತ್ತೆ, ಆ ಬೆಂಕಿ ಜೊತೆ ಏನು ನಿನ್ನ ಸಂಸಾರ" ಅಂದೆ. "ನಿನಗೆ ಗೊತ್ತಾಗಲ್ಲ, ಸುಮ್ನಿರು" ಅಂದಳು. ಅವಳ ಮುಖದಲ್ಲಿ ನಾನು ಬಹಳ ವರ್ಷಗಳಿಂದ ಕಾಣದ ಒಂದು ಕಳೆ ಇತ್ತು, ಅದಕ್ಕೆ ಸುಮ್ಮನಾದೆ.

ಕುಲುಮೆಗೆ ಗಾಳಿ ಹಾಕುವವರು ಭಾವ. ಮೂವತ್ತು ವರ್ಷ ಹಿಟ್ಟಿನ ಗಿರಣಿಯಲ್ಲಿ ದುಡಿದು ಎದೆಯಲ್ಲಿ ಒಂದು ಕೆಮ್ಮನ್ನು ಪಿಂಚಣಿಯಾಗಿ ತಂದವರು. ಮೆಟ್ಟಿಲು ಹತ್ತಿದರೆ ಅರ್ಧಕ್ಕೆ ನಿಂತು ಗೋಡೆಯ ಮೇಲಿನ ಚಿತ್ರ ನೋಡುವಂತೆ ನಟಿಸುತ್ತಾರೆ. ಮಾತು ಕಡಿಮೆ. ಕುರ್ಚಿಯಲ್ಲಿ ಬೆಕ್ಕು ಮಲಗಿದ್ದರೆ ತಾವು ನಿಂತೇ ಇರುವ ಜನ. ಕಾಲಿನ ಹತ್ತಿರ ಸಣ್ಣ ಬ್ಲೋವರ್ ಇಟ್ಟುಕೊಂಡು, ಅಕ್ಕ "ಜಾಸ್ತಿ" ಅಂದರೆ ಜಾಸ್ತಿ, "ಸಾಕು" ಅಂದರೆ ಸಾಕು. ಸದ್ದು, ಹೊಗೆ ಎಂದು ಪಕ್ಕದ ಮನೆಯವರು ಗೊಣಗಿದ ಮೇಲೆ ಇಬ್ಬರೂ ಶೆಡ್ಡಿನ ಬಾಗಿಲು ಹಾಕಿಕೊಂಡು, ಕೆಳಗಿನ ಸಂದಿಗೆ ಹಳೇ ಗೋಣಿ ತುರುಕಿ ಕೆಲಸ ಮಾಡುತ್ತಿದ್ದರು. ಅದು ತಮ್ಮ ಜಾಣತನ ಎಂದು ಇಬ್ಬರಿಗೂ ಹೆಮ್ಮೆ.

ಕೊಕ್ಕೆ, ಅಲಂಕಾರದ ಎಲೆ, ಬಾಗಿಲ ಹಿಡಿ ಮಾಡುವಷ್ಟು ಕೈ ಪಳಗಿತು. ಆದರೆ ಕತ್ತರಿಯ ಅಲಗು ಮಾತ್ರ ಪ್ರತಿ ಸಲ ನೀರಿಗೆ ಅದ್ದಿದ ಕೂಡಲೇ ಟಿಕ್ಕೆಂದು ಸೀಳುತ್ತಿತ್ತು. ಯಾಕೆ ಎಂದು ವಿಡಿಯೊವನ್ನು ಕೇಳಿದರೆ ಅದು ಉತ್ತರ ಕೊಡುತ್ತದೆಯೆ. ಗೇಟು ಮಾಡುವ ಅಂಗಡಿಗಳಿಗೆ ಹೋದಳು. "ನಾವು ಅಂಟಿಸೋರು, ಬಡಿಯೋರಲ್ಲ ತಾಯಿ" ಎಂದು ನಕ್ಕು ಕಳಿಸಿದರು. ಕೊನೆಗೆ ಫೋನಿನಲ್ಲೇ ಹುಡುಕಿ, ಇದೇ ಹುಚ್ಚು ಹಿಡಿದ ನಾಲ್ಕಾರು ಜನ ಊರಿನ ಆ ತುದಿಯಲ್ಲಿ ಸೇರುತ್ತಾರೆ ಎಂದು ಪತ್ತೆ ಮಾಡಿದಳು. "ಬನ್ನಿ, ನಿಮ್ಮ ಕಬ್ಬಿಣ ನೀವೇ ತನ್ನಿ" ಎಂದು ಉತ್ತರ ಬಂತು.

ಒಬ್ಬಳೇ ಹೋಗಲು ಅವಳಿಗೆ ಅಳುಕು. ನನ್ನನ್ನು ಎಳೆದುಕೊಂಡು ಹೊರಟಳು. ಚೀಲದಲ್ಲಿ ಗುಜರಿಯಿಂದ ಆರಿಸಿ ತಂದ ಪೈಪಿನ ತುಂಡುಗಳು, ಒಂದೊಂದೂ ಬೆಳ್ಳಿಯಂತೆ ಹೊಳೆಯುತ್ತಿದ್ದವು. ಹೊರಡುವಾಗ ಭಾವನಿಗೆ ಹೇಳಿದಳು: "ಮಿಕ್ಕ ಪೈಪು ಮೂಲೇಲಿದೆ. ಸುಮ್ನೆ ಕೂತಿರೋ ಬದಲು ಕಾಯಿಸಿ ಚಪ್ಪಟೆ ಮಾಡಿಡ್ರೀ, ಬಂದು ಎಲೆ ಮಾಡ್ತೀನಿ. ಬಾಗಿಲು ಹಾಕ್ಕೊಳ್ಳೋದು ಮರೀಬೇಡಿ."

"ಹೂಂ" ಅಂದರು ಭಾವ.

ಜಾಗ ಹಳೇ ಹೆಂಚಿನ ಕಾರ್ಖಾನೆಯ ಅಂಗಳ. ಮೇಲೆ ತಗಡಿನ ಸೂರು, ನಾಲ್ಕೂ ಕಡೆ ಬಯಲು. ಅಲ್ಲಿ ದೊಡ್ಡವನು ಬಸ್ಸಿನ ಡ್ರೈವರು, ಬಾಗಿಲಿನಷ್ಟು ಅಗಲದ ಮನುಷ್ಯ, ದನಿ ಮಾತ್ರ ಮಗುವಿನ ಹಾಗೆ ಮೆತ್ತಗೆ. ಇನ್ನೊಬ್ಬಳು ಹಲ್ಲಿನ ಡಾಕ್ಟರು, ಮುಂಗೈಯಲ್ಲಿ ಕಿಡಿ ಸಿಡಿದ ಚುಕ್ಕೆಗಳು. ಮಿಕ್ಕ ಇಬ್ಬರು ಹೊಸಬರು, ಬೂಟು ಕೂಡ ಇನ್ನೂ ಹೊಸದು. ಅಕ್ಕ ಅಲಗು ಸೀಳುವ ಕತೆ ಹೇಳಿ ಮುಗಿಸುವ ಮೊದಲೇ ಡ್ರೈವರೂ ಡಾಕ್ಟರೂ ಒಟ್ಟಿಗೆ "ನೀರಿಗಲ್ಲ, ಎಣ್ಣೆಗೆ ಅದ್ದಿ" ಅಂದರು. ಅಕ್ಕ ಹಣೆ ಚಚ್ಚಿಕೊಂಡು ನಕ್ಕಳು. ತಿಂಗಳುಗಟ್ಟಲೆ ಕಟ್ಟಿಕೊಂಡಿದ್ದ ಗಂಟು ಒಂದು ಮಾತಿಗೆ ಬಿಚ್ಚಿತ್ತು. ನನಗೂ ಅವಳನ್ನು ನೋಡಿ ಹೊಟ್ಟೆ ತಣ್ಣಗಾಯಿತು.

ಅವರಲ್ಲಿ ಒಂದು ಪದ್ಧತಿ. ಯಾವ ಕಬ್ಬಿಣವನ್ನೂ ನೇರವಾಗಿ ಬೆಂಕಿಗೆ ಹಾಕುವಂತಿಲ್ಲ. ಮೊದಲು ಅದು ಕೈಯಿಂದ ಕೈಗೆ ಒಂದು ಸುತ್ತು ಹೋಗಬೇಕು, ಇದು ಹಿಂದೆ ಏನಾಗಿತ್ತು ಎಂದು ಪ್ರತಿಯೊಬ್ಬರೂ ಹೇಳಬೇಕು. ಇದಕ್ಕೆ ಜಾತಕ ನೋಡೋದು ಎಂದು ಹೆಸರಿಟ್ಟುಕೊಂಡಿದ್ದರು. ಹಲ್ಲಿನ ಡಾಕ್ಟರು ತಂದ ಕಬ್ಬಿಣದ ಪಟ್ಟಿ ಹಿಂದೆ ಲಾರಿಯ ಸ್ಪ್ರಿಂಗಾಗಿತ್ತು. ಡ್ರೈವರ ಸರಳು ಯಾವುದೋ ಕಿಟಕಿಯದು, "ಕಳ್ಳ ಮುರಿದಿದ್ದೋ ಪ್ರೇಮಿ ಮುರಿದಿದ್ದೋ ಗೊತ್ತಿಲ್ಲ" ಎಂದು ನಗಿಸಿದ. ಆಮೇಲೆ ಅಕ್ಕ ಚೀಲ ಬಿಚ್ಚಿದಳು. ಒಳ್ಳೆಯ ಮನೆಗೆ ಮೊದಲ ಸಲ ಹೋದವರು ಉಡುಗೊರೆ ಮುಂದೆ ಇಡುವಂತೆ ಪೈಪುಗಳನ್ನು ಅಡಿಗಲ್ಲಿನ ಮೇಲೆ ಜೋಡಿಸಿಟ್ಟಳು.

"ಎಲ್ಲರಿಗೂ ಆಗೋಷ್ಟಿದೆ. ಒಂದು ಚುಕ್ಕೆ ತುಕ್ಕಿಲ್ಲ ನೋಡಿ" ಅಂದಳು.

ಯಾರೂ ಕೈಗೆತ್ತಿಕೊಳ್ಳಲಿಲ್ಲ. ಡ್ರೈವರು ಒಂದು ತುಂಡನ್ನು ಬೆರಳಿನಿಂದ ಮುಟ್ಟಿ, ಅಕ್ಕನ ಮುಖ ನೋಡಿದ.

"ಅಕ್ಕಾ, ಇದನ್ನ ಕಾಯಿಸಿದ್ದೀರಾ?"

"ಆರು ತಿಂಗಳಿಂದ. ಎಲೆ, ಕೊಕ್ಕೆ ಎಲ್ಲ ಇದರಲ್ಲೇ."

"ಹೊಗೆ ಬಿಳೀದು ಬರುತ್ತಾ?"

"ಬರುತ್ತೆ. ಹತ್ತಿ ಹಾರಿದ ಹಾಗೆ."

"ಬಾಯಿ ಸಿಹಿಸಿಹಿ ಆಗುತ್ತಾ?"

ಅಕ್ಕ ನನ್ನ ಕಡೆ ಒಮ್ಮೆ ನೋಡಿ ಕಣ್ಣು ತಪ್ಪಿಸಿದಳು. ಆ ಕಳ್ಳನೋಟ ನನಗೆ ಚಿಕ್ಕಂದಿನಿಂದ ಗೊತ್ತು.

"ಸಂಜೆ ಹೊತ್ತಿಗೆ ಚಳಿಜ್ವರ ಬರುತ್ತಾ?" ಎಂದು ಹಲ್ಲಿನ ಡಾಕ್ಟರು ಕೇಳಿದಳು.

"ಬರುತ್ತೆ" ಅಂದಳು ಅಕ್ಕ. "ಹಲ್ಲು ಕಟಕಟ ಅನ್ನೋ ಹಾಗೆ. ಮಾರನೇ ದಿನ ಬಿಟ್ಟುಹೋಗುತ್ತೆ. ನಾನು ಕ್ಷಯ ಇರಬೇಕು ಅಂದ್ಕೊಂಡಿದ್ದೆ."

ಡ್ರೈವರು ಮೆತ್ತಗೆ ಬಿಡಿಸಿ ಹೇಳಿದ. ನೀರಿನ ಪೈಪಿಗೆ ತುಕ್ಕು ಹಿಡಿಯದಿರಲಿ ಎಂದು ಸತುವಿನ ಲೇಪ ಕೊಟ್ಟಿರುತ್ತಾರೆ. ಆ ಹೊಳಪು ಅದರದು. ಕೆಂಪಗೆ ಕಾಯಿಸಿದರೆ ಸತು ಉರಿದು ಬಿಳಿ ಹೊಗೆಯಾಗುತ್ತದೆ, ಆ ಹೊಗೆ ಎದೆಗೆ ವಿಷ. ಗಟ್ಟಿ ಆಳಾದರೆ ಜ್ವರ ಬಂದು ಹೋಗುತ್ತದೆ. "ನಮಗೆ ತುಕ್ಕು ಹಿಡಿದಿದ್ದೇ ಚಿನ್ನ. ಬೆಳ್ಳಗಿರೋದೆಲ್ಲ ಹಾಲಲ್ಲ ಅಕ್ಕಾ. ನೀವು ಬಯಲಲ್ಲಿ ಕೆಲಸ ಮಾಡ್ತೀರಿ ತಾನೇ?"

"ಬಾಗಿಲು ಹಾಕ್ಕೊಂಡು" ಅಂದೆ ನಾನು. "ಸಂದಿಗೆ ಗೋಣಿ ತುರುಕಿ."

"ಜೊತೆಗೆ ಯಾರಿರ್ತಾರೆ?"

ಅಕ್ಕ ಎದ್ದು ನಿಂತಳು. ಅವಳ ಬಣ್ಣ ಹೋದದ್ದನ್ನು ನಾನು ನೋಡುತ್ತಲೇ ಇದ್ದೆ. ನಾನೇ ಫೋನು ತೆಗೆದು ಭಾವನಿಗೆ ಹಚ್ಚಿದೆ. ರಿಂಗಾಯಿತು. ಮತ್ತೆ ಹಚ್ಚಿದೆ, ಮತ್ತೆ ರಿಂಗಾಗುತ್ತಲೇ ಇತ್ತು. ಶೆಡ್ಡಿಗೆ ಹೋಗುವಾಗ ಅವರು ಫೋನನ್ನು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟು ಹೋಗುತ್ತಾರೆ, ಅದಕ್ಕೇ ಎತ್ತಿಲ್ಲ ಎಂದು ನಾನು ನನಗೇ ಹೇಳಿಕೊಂಡೆ. ನಂಬಿಕೆಯಾಗಲಿಲ್ಲ.

ಡ್ರೈವರು ತನ್ನ ಹಳೇ ಕಾರು ತೆಗೆದ. ಹಲ್ಲಿನ ಡಾಕ್ಟರು ಕೇಳದೆಯೇ ಹತ್ತಿ ಕೂತಳು. ದಾರಿಯೆಲ್ಲ ನನಗೆ ಮುಳ್ಳಿನ ಮೇಲೆ ಕೂತಂತೆ. ಒಂದೊಂದು ಕೆಂಪು ದೀಪಕ್ಕೂ ಹಲ್ಲು ಕಚ್ಚಿದೆ. ಹೊಟ್ಟೆಯಲ್ಲಿ ಹೆದರಿಕೆ, ಬಾಯಿಗೆ ಬಂದದ್ದು ಕೋಪ. "ಆರು ತಿಂಗಳು ಜ್ವರ ಬಚ್ಚಿಟ್ಕೊಂಡು ಕೂತಿದ್ದೀಯಲ್ಲ, ನಿನಗೆ ಬುದ್ಧಿ ಅನ್ನೋದು ಇದೆಯಾ? ಕಟ್ಟಿಕೊಂಡ ಗಂಡನಿಗೂ ಹೇಳಲಿಲ್ಲವಾ?"

"ಹೇಳಿದ್ರೆ ಅವರು ಹೆದರ್ತಾರೆ ಅಂತ" ಅಂದಳು. "ನನಗೇ ಹೆದರಿಕೆ ಆಗಿತ್ತು. ಮೇಲೆ ಮಹಡಿ ಕೋಣೇಲಿ ಹೊದ್ದುಕೊಂಡು ಮಲಗಿಬಿಡ್ತಿದ್ದೆ, ತಲೆನೋವು ಅಂತ ಹೇಳಿ." ಆಮೇಲೆ ನನ್ನ ಕಡೆ ತಿರುಗಿ, "ಅವರಿಗೆ ಏನೂ ಆಗಿರಲಿಲ್ಲ ಕಣೇ. ಆಗಿದ್ರೆ ಗೊತ್ತಾಗ್ತಿರಲಿಲ್ವಾ ನನಗೆ?" ಅಂದಳು. ಅದು ಪ್ರಶ್ನೆಯೋ ಮೊರೆಯೋ ತಿಳಿಯಲಿಲ್ಲ. ಅವಳ ಕೈ ಹಿಡಿದುಕೊಂಡೆ. ಅದು ತಣ್ಣಗೆ ಕೊರೆಯುತ್ತಿತ್ತು.

ಮನೆ ಮುಟ್ಟುವಾಗ ಮಧ್ಯಾಹ್ನ ಇಳಿದಿತ್ತು. ಕಾರು ನಿಲ್ಲುವ ಮೊದಲೇ ಅಕ್ಕ ಇಳಿದು ಶೆಡ್ಡಿನ ಕಡೆ ಓಡಿದಳು, ಹಿಂದೆಯೇ ಡ್ರೈವರು. ನಾನು ಡಾಕ್ಟರ ಜೊತೆ ಮನೆಯೊಳಗೆ ನುಗ್ಗಿದೆ. ಅಡುಗೆಮನೆಯ ಕಿಟಕಿಯಲ್ಲಿ ಫೋನು ಹಾಗೇ ಇತ್ತು. ಕೆಳಗಿನ ಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು.

ಭಾವ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು, ಮಲಗಿದರೆ ಉಸಿರು ಸಿಗುವುದಿಲ್ಲ ಎಂಬಂತೆ. ಮನೆಯಲ್ಲಿದ್ದ ಕಂಬಳಿಯೆಲ್ಲ ಮೈಮೇಲೆ, ಆದರೂ ಮಂಚ ಅಲುಗುವಷ್ಟು ನಡುಕ. ತುಟಿಗೆ ಬಣ್ಣವಿರಲಿಲ್ಲ. ಹುಬ್ಬಿನ ಮೇಲೆ, ತಲೆಗೂದಲಿನಲ್ಲಿ ಬಿಳಿ ಪುಡಿ. ಗಿರಣಿಯಿಂದ ಬಂದ ದಿನಗಳಲ್ಲಿ ಹಿಟ್ಟು ಮೆತ್ತಿಕೊಂಡು ಹೀಗೇ ಕಾಣುತ್ತಿದ್ದರು. ನನ್ನನ್ನು ಕಂಡು ಗಾಬರಿಯಾದರು. ಬಾಗಿಲ ಕಡೆ ನೋಡಿ, ಉಸಿರು ಹೆಕ್ಕಿ ಹೆಕ್ಕಿ ಮಾತಾಡಿದರು.

"ನಿಮ್ಮಕ್ಕ ಬಂದ್ಲಾ? ಅವಳಿಗೆ ಹೇಳ್ಬೇಡ. ಹೀಗಾಗೋದು ಹೊಸದಲ್ಲ. ಪ್ರತಿ ಭಾನುವಾರ ಬರುತ್ತೆ, ಹೋಗುತ್ತೆ. ಅವಳು ಮೇಲೆ ಮಲಗಿರ್ತಾಳಲ್ಲ, ಅವಳಿಗೆ ಗೊತ್ತಿಲ್ಲ. ಇವತ್ತು ಸ್ವಲ್ಪ ಜಾಸ್ತಿ, ಅಷ್ಟೆ."

ಅಕ್ಕ ನನ್ನ ಹಿಂದೆ ಹೊಸ್ತಿಲಲ್ಲೇ ನಿಂತಿದ್ದಳು.

ಅವಳು ಬಂದು ಅವರ ಬೆನ್ನ ಹಿಂದೆ ಕೂತು ತನ್ನ ಮೈಗೆ ಒರಗಿಸಿಕೊಂಡಳು. ಹಲ್ಲಿನ ಡಾಕ್ಟರು ನಾಡಿ ಹಿಡಿದು ನೋಡಿ, "ಈಗಲೇ ಆಸ್ಪತ್ರೆ" ಅಂದಳು. ಡ್ರೈವರು ಕಂಬಳಿ ಸಮೇತ ಭಾವನನ್ನು ಎತ್ತಿಕೊಂಡು ಕಾರಿಗೆ ನಡೆದ. ಆಸ್ಪತ್ರೆಯ ವಾಸನೆಗೇ ಬೆವರುವ ನನ್ನ ಅಕ್ಕ ಎಲ್ಲರಿಗಿಂತ ಮೊದಲು ಒಳಗೆ ಹೋಗಿ, ಬಿಳಿ ಕೋಟು ಕಂಡವರನ್ನೆಲ್ಲ ತೋಳು ಹಿಡಿದು ನಿಲ್ಲಿಸಿದಳು.

ಗಟ್ಟಿ ಎದೆಯವರಾಗಿದ್ದರೆ ಇದು ಎರಡು ದಿನದ ಜ್ವರ, ಈ ಎದೆಗೆ ಏನೂ ಹೇಳಲಾಗದು ಎಂದರು ವೈದ್ಯರು. ಆ ಮಾತಿನ ಜೊತೆ ನಾವು ಬೆಂಚಿನ ಮೇಲೆ ಕೂತೆವು. ಒಳಗಿನಿಂದ ಯಾರು ಹೊರಬಂದರೂ ನಾನು ಎದ್ದು ನಿಲ್ಲುತ್ತಿದ್ದೆ. ಅಕ್ಕ ಒಂದೇ ಮಾತು ಹೇಳುತ್ತಿದ್ದಳು, ಯಾರಿಗೂ ಅಲ್ಲ: "ಕಾಯಿಸಿಡಿ ಅಂದಿದ್ದು ನಾನೇ. ಬಾಗಿಲು ಹಾಕ್ಕೊಳ್ಳಿ ಅಂದಿದ್ದೂ ನಾನೇ." ಡ್ರೈವರು ಅವಳ ಪಕ್ಕ ಬಂದು ಕೂತ.

"ನಾನೂ ಒಂದ್ಸಲ ಇದೇ ಪೈಪು ಬೆಂಕಿಗೆ ಹಾಕೋಕೆ ಹೋಗಿದ್ದೆ ಅಕ್ಕಾ. ಪಕ್ಕದಲ್ಲಿ ಇವರು ಇದ್ರು, ಇಕ್ಕಳ ಕಿತ್ಕೊಂಡ್ರು" ಎಂದು ಹಲ್ಲಿನ ಡಾಕ್ಟರನ್ನು ತೋರಿಸಿದ. "ನಿಮ್ಮ ಪಕ್ಕ ಯಾರೂ ಇರಲಿಲ್ಲ. ಅಷ್ಟೇ ವ್ಯತ್ಯಾಸ."

ಅಕ್ಕ ಅವನ ಮಾತು ಕೇಳಿಸಿಕೊಂಡಳೋ ಇಲ್ಲವೋ. ಡ್ರೈವರೂ ಹಲ್ಲಿನ ಡಾಕ್ಟರೂ ಮನೆಗೆ ಹೋಗಲಿಲ್ಲ. ಬೆಳಗಾಗುವ ತನಕ ನಮ್ಮ ಜೊತೆಯೇ ಇದ್ದರು. ನಿನ್ನೆ ಬೆಳಿಗ್ಗೆಯವರೆಗೆ ನಾವು ಮುಖ ಕೂಡ ನೋಡಿರದ ಜನ.

ಮೂರನೇ ದಿನ ಭಾವನ ಜ್ವರ ಇಳಿಯಿತು. ಉಸಿರು ಇನ್ನೂ ಸಾಲುತ್ತಿರಲಿಲ್ಲ, ಮೂಗಿಗೆ ಮಾಸ್ಕು ಹಾಕಿದ್ದರು. ಅದನ್ನು ಸ್ವಲ್ಪ ಸರಿಸಿ ಅಕ್ಕನನ್ನು ಕೇಳಿದರು:

"ನಿನಗೂ ಬರ್ತಿತ್ತಂತೆ."

"ಹೂಂ."

"ಹೇಳಬಾರದಿತ್ತಾ?"

"ನೀವ್ಯಾಕೆ ಹೇಳ್ಲಿಲ್ಲ?"

ಭಾವ ಸೂರು ನೋಡಿದರು. "ಹೇಳಿದ್ರೆ ನೀನು ಕುಲುಮೆ ಮುಚ್ಚಿಬಿಡ್ತಿದ್ದೆ. ವಾರಕ್ಕೆ ಅದೊಂದು ದಿನ ನೀನು ನಗ್ತಿದ್ದೆ."

ಅಕ್ಕ ಮಾಸ್ಕನ್ನು ಅವರ ಮೂಗಿಗೆ ಸರಿಯಾಗಿ ಕೂರಿಸಿ, ಕುರ್ಚಿಯನ್ನು ಮಂಚಕ್ಕೆ ತಾಗುವಷ್ಟು ಹತ್ತಿರ ಎಳೆದುಕೊಂಡಳು.

"ಈಗ ಎಲ್ಲೆಲ್ಲಿ ನೋವಿದೆ ಹೇಳಿ. ಒಂದೂ ಬಿಡಬೇಡಿ" ಅಂದಳು.

ಭಾವ ಒಂದೊಂದೇ ಹೇಳಿದರು. ಅವರದು ಮುಗಿದ ಮೇಲೆ ಅವಳೂ ಹೇಳಿದಳು.