ಅವ್ವನ ಕೈಯ ಉರಿ

ಬುಕ್ಕಾಪಟ್ಟಣದಾಚೆ ನಮ್ಮದು ಕುರಿ ಸಾಕುವವರ ಮನೆ. ಕುರಿಯ ಗಾಯಕ್ಕೆ ಹುಳ ಬಿದ್ದರೆ ಹೊಗೆಸೊಪ್ಪು, ಸುಣ್ಣ ಅರೆದು ಮೆತ್ತುತ್ತಿದ್ದೆವು. ಕುರಿ ಒದ್ದಾಡಿದಷ್ಟೂ ನಮಗೆ ಸಮಾಧಾನ. ಉರಿ ಹತ್ತಿತೆಂದರೆ ಮದ್ದು ಹಿಡಿಯಿತು ಎಂದೇ ಅರ್ಥ. ಕಾಲು ಅಲುಗದಂತೆ ಹಿಡಿಯುವ ಕೆಲಸ ನನ್ನದು. ಅದರಲ್ಲಿ ನಾನು ಗಟ್ಟಿಗಿತ್ತಿ ಎಂಬ ಜಂಬವೂ ಇತ್ತು.

ಎಂಬತ್ತರ ದಶಕದ ಶುರುವಿನಲ್ಲಿ ಅವ್ವನಿಗೆ ಎದೆಯ ಕ್ಯಾನ್ಸರ್ ಆಯಿತು. ನಾಚಿಕೆಯಿಂದ ಸೆರಗಿನೊಳಗೇ ಮುಚ್ಚಿಟ್ಟುಕೊಂಡಿದ್ದಳು. ನಮಗೆ ಗೊತ್ತಾಗುವ ಹೊತ್ತಿಗೆ ಅದು ಬೆನ್ನುಮೂಳೆಗೂ ಹರಡಿತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಕೆಂಪು ಬಣ್ಣದ ಔಷಧಿಯನ್ನು ಕೈನರಕ್ಕೆ ಬಿಡುತ್ತಿದ್ದರು. ಎರಡೇ ಸಲಕ್ಕೆ ಗಡ್ಡೆ ಕರಗತೊಡಗಿತು. ಬೆನ್ನುನೋವು ಇಳಿದು ಅವ್ವ ಮತ್ತೆ ಜಗಲಿಯಲ್ಲಿ ಕೂತು ಉಣ್ಣೆ ನೂತಳು. ಕೂದಲುದುರಿದ ತಲೆ ಸವರಿಕೊಂಡು, "ನನ್ ಉಣ್ಣೆನೂ ಕತ್ತರಿಸ್ಬುಟ್ರು ಕಣಮ್ಮ" ಎಂದು ನಗಿಸಿದಳು. ಇನ್ನು ಬದುಕುತ್ತಾಳೆ ಎಂದುಕೊಂಡೆ.

ಮೂರನೆಯ ಸಲ ಸಿಸ್ಟರ್ ಸೂಜಿ ಚುಚ್ಚಿ, "ಉರಿ ಬಂದರೆ ತಕ್ಷಣ ಕರೀರಿ" ಎಂದು ನನಗೆ ಹೇಳಿ ಪಕ್ಕದ ಮಂಚಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಅವ್ವ ಹಲ್ಲು ಕಚ್ಚಿದಳು.

"ಕೈ ಉರೀತೈತೆ ಕಣಮ್ಮ. ಅವರ್ನ ಕರೀಲಾ?"

"ಉರೀಲಿ ಬುಡವ್ವ. ಒಳಗಿರೋದು ಸಾಯ್ತೈತೆ. ಒಸಿ ತಡ್ಕೊ" ಎಂದೆ. ಅಷ್ಟಕ್ಕೆ ಸುಮ್ಮನಾಗದೆ, ಕುರಿಯ ಕಾಲು ಹಿಡಿದ ಹಾಗೆ ಅವಳ ಮೊಣಕೈಯನ್ನೂ ಒತ್ತಿ ಹಿಡಿದೆ.

ಔಷಧಿ ನರದಿಂದ ಆಚೆಗೆ ಸೋರಿ ಒಳಗಿನ ಮಾಂಸವನ್ನು ಸುಡುತ್ತಿತ್ತು. ಊರಿಗೆ ಬಂದ ಮೇಲೆ ಮುಂಗೈ ಕೆಂಪಾಗಿ ಊದಿತು. ದಿನ ಕಳೆದಂತೆ ಚರ್ಮ ಕಪ್ಪಿಟ್ಟು ಕಳಚಿ ಬಂತು, ಒಳಗೆ ಗುಳಿ ಬಿತ್ತು, ಕೀವಾಯಿತು. ನೂಲುವ ಕದಿರು ಹಿಡಿಯಲು ಬೆರಳು ಮಡಚುತ್ತಿರಲಿಲ್ಲ.

ಮತ್ತೆ ಹೋದಾಗ ಡಾಕ್ಟರು ಗಾಯ ನೋಡಿ ರೇಗಿದರು. "ಉರಿ ಬಂದಾಗ ಯಾಕಮ್ಮ ಹೇಳಲಿಲ್ಲ?"

ಪಕ್ಕದಲ್ಲೇ ನಿಂತಿದ್ದೆ. ಗಾಯದ ಮೇಲಿಂದ ಬಿಚ್ಚಿದ ಬಟ್ಟೆಯನ್ನು ಮಡಚತೊಡಗಿದೆ.

"ಉರಿ ಗೊತ್ತಾಗ್ಲಿಲ್ಲ ಸ್ವಾಮಿ" ಎಂದಳು ಅವ್ವ. "ಉಣ್ಣೆ ನೂಲೋ ಕೈ, ಜಡ್ಡುಗಟ್ಟೈತೆ."

ಕೀವು ನಿಂತು ಗಾಯ ಮಾಯುವ ತನಕ ಔಷಧಿ ಕೊಡುವಂತಿಲ್ಲ ಎಂದರು. ಗಾಯ ಮಾಯಲಿಲ್ಲ. ಕರಗುತ್ತಿದ್ದ ಗಡ್ಡೆ ಮತ್ತೆ ಬೆಳೆಯಿತು, ಬೆನ್ನುನೋವು ತಿರುಗಿ ಬಂತು. ದಿನಾ ಬೆಳಿಗ್ಗೆ ಉಪ್ಪು ಹಾಕಿ ಕಾಯಿಸಿದ ನೀರಿನಲ್ಲಿ ಗಾಯ ತೊಳೆಯುತ್ತಿದ್ದೆ. ಒಂದು ದಿನ ತಡೆಯಲಾರದೆ, "ನಾನೇ ಕಣವ್ವ ನಿನ್ನ ಹಾಳು ಮಾಡಿದ್ದು" ಎಂದು ಅತ್ತುಬಿಟ್ಟೆ.

"ನೀರು ಆರೋಯ್ತದೆ, ತೊಳಿ" ಎಂದಳು.

ಗಾಯಕ್ಕೆ ಸುತ್ತಿದ ಬಟ್ಟೆ ಬಿಚ್ಚುವಾಗಲೆಲ್ಲ "ಉರೀತೈತಾ ಅವ್ವ?" ಎಂದು ಕೇಳುತ್ತಿದ್ದೆ. ಅವಳ ಕಾಲ್ಬೆರಳುಗಳು ಮುದುರಿಕೊಳ್ಳುವುದು ನನಗೆ ಕಾಣುತ್ತಿತ್ತು. "ಇಲ್ಲ ಕಣಮ್ಮ" ಎನ್ನುತ್ತಿದ್ದಳು. ಸಾಯುವವರೆಗೂ ಇನ್ನೊಂದು ಸಲ ಅವಳು ನನಗೆ ಉರಿ ಎಂದು ಹೇಳಲೇ ಇಲ್ಲ.