ಕಾಂತಪ್ಪನವರ ಸ್ಪ್ಯಾನಿಷ್ ಭಾಷಣ

ಕಾಂತಪ್ಪನವರಿಗೆ ಎರಡು ಹುಚ್ಚು. ಒಂದು ಹಳೆಯ ಸ್ಪ್ಯಾನಿಷ್ ಸಿನಿಮಾ, ಇನ್ನೊಂದು ಭಾಷಣ. ಎರಡೂ ಒಟ್ಟಿಗೆ ಸಿಕ್ಕಿಬಿಟ್ಟರೆ ಕೇಳಬೇಕೆ! ಉಡುಪಿ ಕಡೆಯ ಈ ಮನುಷ್ಯ ಹಡಗಿನ ಎಂಜಿನಿಯರಾಗಿ ಅರ್ಧ ಆಯುಷ್ಯ ನೀರಿನ ಮೇಲೆ ಕಳೆದವರು. ಸ್ಪೇನಿನ ಬಂದರಿನಲ್ಲಿ ಹಡಗು ನಿಂತಾಗ ಜೊತೆಯವರೆಲ್ಲ ಹೆಂಡದಂಗಡಿ ಹುಡುಕಿದರೆ ಇವರು ಟಾಕೀಸು ಹುಡುಕುತ್ತಿದ್ದರಂತೆ. ಹಾಗೆಂದು ಹೇಳುವವರು ಅವರೇ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಿವೃತ್ತರಾಗಿ ಮಗಳು ನವ್ಯಾಳ ಜೊತೆ ಆಸ್ಟ್ರೇಲಿಯದ ಗ್ಲೆನ್ ವೇವರ್ಲಿಯಲ್ಲಿ ನೆಲೆ ನಿಂತ ಮೇಲೆ ಅಲ್ಲಿನ ಫಿಲ್ಮ್ ಸೊಸೈಟಿಯೇ ಅವರ ಎರಡನೇ ಮನೆಯಾಯಿತು.

೨೦೦೬ರ ಆಗಸ್ಟಿನಲ್ಲಿ, ಅಲ್ಲಿನ ಚಳಿಗಾಲದ ಒಂದು ಭಾನುವಾರ ಸೊಸೈಟಿಯವರು ಐವತ್ತರ ದಶಕದ ಸ್ಪ್ಯಾನಿಷ್ ಚಿತ್ರವೊಂದನ್ನು ತೋರಿಸಿದರು. ಆಫ್ರಿಕದ ಕಾಡು, ಅಲ್ಲೊಬ್ಬ ಪಾದ್ರಿ, ಅವನ ಶಿಷ್ಯನಾದ ಕರಿಯ. ಆ ಕರಿಯನ ಪಾತ್ರದಲ್ಲಿ ಬಿಳಿಯ ನಟನೊಬ್ಬ ಮೈತುಂಬ ಕಪ್ಪು ಬಳಿದುಕೊಂಡು ಕಣ್ಣು ಹೊರಳಿಸುತ್ತಿದ್ದ. ಸಿನಿಮಾ ಮುಗಿದದ್ದೇ ತಡ, ಕಾಂತಪ್ಪ ಎದ್ದು ನಿಂತರು. ಆ ಕಾಲದ ಸ್ಪ್ಯಾನಿಷ್ ಸಿನಿಮಾಗಳಲ್ಲಿ ಜಿಪ್ಸಿ ಹುಡುಗಿಯಾಗಿ ಹಾಡಿದವರಲ್ಲಿ ಜಿಪ್ಸಿಗಳು ಎಷ್ಟು ಮಂದಿ ಎಂದು ಕೇಳಿದರು. ಒಂದು ಜನದ ಮುಖವನ್ನು ಬಣ್ಣದ ಡಬ್ಬಿಯಿಂದ ಬಳಿದುಕೊಂಡು ಕುಣಿದು ನಗಿಸುವುದು, ಆ ಜನವನ್ನು ಮಾತ್ರ ಬಾಗಿಲ ಹೊರಗೇ ನಿಲ್ಲಿಸುವುದು, ಇದು ಕಲೆಯಲ್ಲ, ಕಳ್ಳತನ ಎಂದರು. ಚಪ್ಪಾಳೆ ಬಿತ್ತು. ಕಾಂತಪ್ಪ ಉಬ್ಬಿಹೋದರು.

ಚಹಾ ಮೇಜಿನ ಹತ್ತಿರ ಚೆನ್ನು ಬಂದಳು. ವೃದ್ಧಾಶ್ರಮವೊಂದರಲ್ಲಿ ನರ್ಸ್. ಟ್ರೈನಿನಲ್ಲಿ ಫೋನಿನಲ್ಲಿ ತುಳು ಮಾತಾಡುತ್ತಿದ್ದವಳನ್ನು ಕಾಂತಪ್ಪ ತಾವಾಗಿಯೇ ಪರಿಚಯ ಮಾಡಿಕೊಂಡಿದ್ದರು. ಯಾರ ಮನೆಯವಳೆಂದು ಎಷ್ಟು ಕೆದಕಿದರೂ ಅವಳು ಊರಿನ ಹೆಸರಷ್ಟೇ ಹೇಳಿ ನಕ್ಕಿದ್ದಳು. ಒಂಟಿ ಹೆಣ್ಣು, ಪರದೇಶ. ಹೇಗಾದರೂ ಮಾಡಿ ಇವಳನ್ನು ತುಳು ಕೂಟಕ್ಕೆ ಸೇರಿಸಲೇಬೇಕೆಂದು ಅವರಿಗೆ ಹಟ. ಇವತ್ತೂ ಅವರೇ ಕರೆದದ್ದು.

"ಅಂಕಲ್, ಇಷ್ಟು ಜನರ ಎದುರು ಹಾಗೆ ಯಾರೂ ಹೇಳಿದ್ದು ನಾನು ಕೇಳಿರ್ಲಿಲ್ಲ," ಎಂದಳು. ಅವಳ ಕಣ್ಣು ತುಂಬಿತ್ತು.

"ಅದಿರಲಿ ಮಾರಾಯ್ತಿ, ಮುಂದಿನ ವಾರ ನಮ್ಮ ಅಷ್ಟಮಿ ಪ್ರೋಗ್ರಾಮ್ ಉಂಟು. ಈ ಸಲ ತಪ್ಪಿಸಬೇಡ."

"ಕಳೆದ ವರ್ಷ ಬಂದಿದ್ದೆ ಅಂಕಲ್. ಹಿಂದೆ ಕೂತಿದ್ದೆ. ಯಾರೋ ಒಬ್ರು ಕೊರಗ ವೇಷ ಹಾಕಿ ಕುಣಿದ್ರಲ್ಲ, ಆಗ ಎದ್ದು ಹೋದೆ. ಊಟಕ್ಕೂ ನಿಲ್ಲಲಿಲ್ಲ." ಆಮೇಲೆ ಹೇಳಿದಳು: "ನಾವು ಕೊರಗರು."

ಕಾಂತಪ್ಪ ಚಹಾದ ಲೋಟವನ್ನು ಮೇಜಿನ ಮೇಲಿಟ್ಟರು. ಅಷ್ಟಮಿಗೆ ಮೈಗೆ ಕಪ್ಪು ಬಳಿದುಕೊಂಡು, ಡೋಲು ತೂಗುಹಾಕಿಕೊಂಡು, ಊರು ಮುಟ್ಟದೆ ಹೊರಗೇ ಇಟ್ಟಿದ್ದ ಕೊರಗರ ಮಾತನ್ನು ಅಣಕಿಸಿ ಕುಣಿಯುವುದನ್ನು ಊರಿನಲ್ಲಿ ಚಿಕ್ಕಂದಿನಿಂದ ನೋಡಿ ನಕ್ಕವರು ಅವರು. ಕಳೆದ ವರ್ಷ ಕೂಟದಲ್ಲಿ ಆ ವೇಷ ಹಾಕಿದವರೂ ಅವರೇ. ಇಡೀ ಸಭೆಯೇ ಬಿದ್ದು ಬಿದ್ದು ನಕ್ಕಿತ್ತು. ಈ ಸಲವೂ ನಿಮ್ಮದೇ ಎಂದು ಸಮಿತಿಯವರು ಹೇಳಿದಾಗ ಹಿಗ್ಗಿದ್ದರು. ತಾನು ಮಾಡಿದ್ದಕ್ಕೂ ಈಗಷ್ಟೇ ಬೈದದ್ದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ ಎಂಬುದು ಈ ಪಂಡಿತರಿಗೆ ಒಂದು ದಿನವಾದರೂ ಹೊಳೆದಿರಲಿಲ್ಲವಲ್ಲ! ನಾಚಿಕೆಯಿಂದ ಭೂಮಿಗಿಳಿದುಹೋದರು.

"ಬಣ್ಣ ಇತ್ತಲ್ಲ, ಮುಖ ಗೊತ್ತಾಗ್ಲಿಲ್ಲ," ಚೆನ್ನು ಕೇಳಿದಳು. "ಯಾರದು ಅಂಕಲ್? ನಿಮಗೆ ಗೊತ್ತುಂಟಾ?"

ಹೇಳಿಬಿಡು ಎಂದಿತು ಮನಸ್ಸು. ಇಷ್ಟು ಹೊತ್ತು ಭೋರ್ಗರೆದ ಬಾಯಿ ಅದು.

"ಇಲ್ಲ," ಎಂದರು ಕಾಂತಪ್ಪ.

"ಹುಡುಕಿ ನೋಡಿ ಅಂಕಲ್," ಎಂದಳು ಚೆನ್ನು, ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. "ಸಿಕ್ಕಿದ್ರೆ ಇವತ್ತು ನೀವು ಹೇಳಿದ್ದನ್ನ ಅವರಿಗೂ ಒಂದ್ಸಲ ಹೇಳಿ. ನೀವು ಹೇಳಿದ್ರೆ ಕೇಳ್ತಾರೆ."