ಭಾನುವಾರ ಹತ್ತು ಗಂಟೆ

ಗುಲಾಬಿಯಕ್ಕ ಮೀನನ್ನು ಹೊಗಳಿ ಮಾರಿದವರಲ್ಲ. ತಲೆಯ ಮೇಲಿನ ಬುಟ್ಟಿ ಇಳಿಸಿದವರೇ ಒಂದು ಬಂಗುಡೆಯ ಕಿವಿರೆತ್ತಿ ನಮ್ಮ ಮೂಗಿಗೆ ಹಿಡಿಯುತ್ತಿದ್ದರು. "ಹೊಟ್ಟಿ ಒತ್ತಿ ಕಾಣಿ ಟೀಚರ್. ಮೆತ್ತಗಿದ್ರೆ ತಕಂಬುದ್ ಬ್ಯಾಡ." ಉಪ್ಪುಂದದ ನಮ್ಮ ಅಂಗಳದಲ್ಲಿ ಭಾನುವಾರ ಹತ್ತು ಗಂಟೆಗೆ "ಹ್ವಾಯ್, ಮೀನ್!" ಎಂಬ ಕೂಗು ಕೇಳಿದ ಮೇಲೆಯೇ ನಮ್ಮತ್ತೆ ಕಾಯಿ ತುರಿಯಲು ಕೂರುತ್ತಿದ್ದರು.

ವರ್ಷಕ್ಕೊಂದು ಭಾನುವಾರ ನಾನು ಪಾಠ ಮಾಡುವ ಶಾಲೆಯಲ್ಲಿ ಹೆಂಗಸರ ತಪಾಸಣಾ ಶಿಬಿರ. ಎದೆಯಲ್ಲಿ ಗಂಟೇನಾದರೂ ಇದೆಯೇ ಎಂದು ಡಾಕ್ಟರಮ್ಮ ನೋಡುತ್ತಿದ್ದರು. ಸಮಯ ಗೊತ್ತುಮಾಡಿ ಪ್ರಕಟಣೆ ಬರೆಯುವುದು ನನ್ನ ಕೆಲಸ. ಹತ್ತಕ್ಕೆ ಶುರುವಾದರೆ ಊಟದ ಹೊತ್ತಿಗೆ ಮನೆ ಸೇರಬಹುದಲ್ಲ! ನಾವು ಟೀಚರುಗಳು, ಬ್ಯಾಂಕಿನವರು, ಮುಂಬೈಯಲ್ಲಿ ಹೋಟೆಲಿಟ್ಟವರ ಮನೆಯ ಹೆಂಗಸರು ಇಸ್ತ್ರಿ ಸೀರೆಯುಟ್ಟು ಸಾಲಾಗಿ ಕೂರುತ್ತಿದ್ದೆವು. ಮೀನು ಮಾರುವವರು ಒಬ್ಬರೂ ಇಲ್ಲ. "ಅವರಿಗೆ ತಿಳಿವಳಿಕೆ ಕಡಿಮೆ" ಎಂದು ಡಾಕ್ಟರಮ್ಮ ಪ್ರತಿ ಸಲ ಹೇಳುವರು, ನಾನು ಹೌದೆಂದು ತಲೆಯಾಡಿಸುವೆ. ನಾಲ್ಕು ವರ್ಷ ತಲೆಯಾಡಿಸಿದ್ದೇನೆ, ನೋಡಿ!

ಐದನೆಯ ವರ್ಷ ತಿಳಿವಳಿಕೆ ಹೇಳಿಬರೋಣವೆಂದು ನಾನೇ ಕಡಲ ದಂಡೆಗೆ ಹೋದೆ. ಗುಲಾಬಿಯಕ್ಕ ಏಲಂನಲ್ಲಿ ಕೊಂಡ ಮೀನನ್ನು ಬುಟ್ಟಿಗೆ ತುಂಬುತ್ತಿದ್ದರು. ನನ್ನ ಭಾಷಣ ಮುಗಿಯುವವರೆಗೂ ಅವರ ಕೈ ನಿಲ್ಲಲಿಲ್ಲ.

"ಹತ್ ಗಂಟೆಗ್ ನಾನ್ ಎಲ್ಲಿರ್ತೆ ಟೀಚರ್?" ಎಂದರು ಆಮೇಲೆ.

ಶಿಬಿರದ ಭಾನುವಾರಗಳಲ್ಲೂ ಅವರು ತಪ್ಪದೆ ಬಂದು ಅತ್ತೆಗೆ ಮೀನು ಕೊಟ್ಟು ಹೋಗಿದ್ದರು. ಶಿಬಿರ ಮುಗಿಸಿ ಬಂದು ಅದೇ ಮೀನಿನ ಸಾರು ಉಂಡವಳು ನಾನು.

"ಮೀನ್ ಹಾಳಾತ್ತ್. ಡಾಕ್ಟ್ರ್ ಹಾಳಾತ್ರಾ? ಮೂರ್ ಗಂಟೆಗ್ ಬಪ್ಪುಕ್ ಹೇಳಿ. ಎಲ್ಲರ್ನೂ ನಾನೇ ಕರ್ಕಂಡ್ ಬತ್ತೆ."

ಡಾಕ್ಟರಮ್ಮ ಒಪ್ಪಿದರು. ಆ ಭಾನುವಾರ ಮೂರಕ್ಕೆ ಗುಲಾಬಿಯಕ್ಕನ ಹಿಂದೆ ಹದಿನಾರು ಹೆಂಗಸರು ಬಂದರು. ಶಾಲೆಯ ಜಗಲಿಯ ಮೇಲೆ ಖಾಲಿ ಬುಟ್ಟಿಗಳ ರಾಶಿ, ಕೋಣೆಯ ತುಂಬ ನಗು. ನನಗೂ ಏನೋ ದೊಡ್ಡದು ಸಾಧಿಸಿದ ಹಿಗ್ಗು.

ಎಲ್ಲರೂ ಬೇಗ ಹೊರಗೆ ಬಂದರು. ಗುಲಾಬಿಯಕ್ಕ ಮಾತ್ರ ಬರಲಿಲ್ಲ. ಡಾಕ್ಟರಮ್ಮ ನನ್ನನ್ನೂ ಒಳಗೆ ಕರೆದರು. ಗಂಟು ಕಂಕುಳಿನವರೆಗೆ ಹಬ್ಬಿತ್ತು.

"ಮೂರ್ ವರ್ಷ ಆಯ್ತೇನೋ. ನೋವಿಲ್ಲೆ ಕಾಣಿ" ಎಂದರು ಸೆರಗು ಸರಿಮಾಡಿಕೊಳ್ಳುತ್ತ. "ಪ್ರತಿ ವರ್ಷ ಶಿಬಿರದಗೆ ತೋರ್ಸುವ ಅಂದೇಳಿ ಅಂದ್ಕಂಬುದ್. ಹತ್ ಗಂಟೆ ಅಂಬ್ರ್."

ದೊಡ್ಡ ಆಸ್ಪತ್ರೆ, ಆಪರೇಷನ್, ಉದುರಿದ ಕೂದಲು ಎಲ್ಲ ಆಯಿತು. ಕೊನೆಯ ಸಲ ಅವರ ಮನೆಗೆ ಹೋದಾಗ ಚಾಪೆಯಲ್ಲಿ ಒರಗಿಕೊಂಡಿದ್ದರು. ಈಗ ನಮಗೆ ಮೀನು ಕೊಡುವವರು ಯಾರು, ಹೊಟ್ಟೆ ಒತ್ತಿ ನೋಡುತ್ತೇನೋ ಇಲ್ಲವೋ ಎಂದು ವಿಚಾರಿಸಿದರು. ನೋಡುತ್ತೇನೆ ಎಂದೆ. ಆಮೇಲೆ ನನ್ನ ಕೈ ಹಿಡಿದುಕೊಂಡರು.

"ಆ ಹತ್ ಗಂಟೆ ಅಂದೇಳಿ ಬರದ್ದ್ ಯಾರ್ ಟೀಚರ್? ಅವ್ರ್ ಮೀನ್ ತಿಂಬವ್ರ್ ಅಲ್ಲ, ಅಲ್ದಾ?" ಎಂದು ನಕ್ಕರು.

ನನ್ನ ಮೇಲೆ ಅವರಿಗೆ ಸಂಶಯವಿರಲಿಲ್ಲ. ಇದ್ದಿದ್ದರೆ ಮುಖದ ಮೇಲೇ ಕೇಳುವ ಹೆಂಗಸು. ನಾನೇ ಬರೆದದ್ದು ಎನ್ನಲು ಬಾಯಿ ತೆರೆದೆ.

"ಹಾಗೇ ಇರಬೇಕು ಗುಲಾಬಿಯಕ್ಕ" ಎಂದೆ. ಹದಿನೈದು ದಿನಕ್ಕೆ ಅವರು ಹೋಗಿಬಿಟ್ಟರು.